ಚಿತ್ರಪುಸ್ತಕಗಳ ಮೂಲಕ ಮೋಡ ಮತ್ತು ಹವಾಮಾನದ ಪರಿಚಯ

ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮೋಡ, ಮಳೆ, ಗಾಳಿ, ಮಂಜುಗಳನ್ನು ಚಿತ್ರಪುಸ್ತಕದ ಓದು ಹಾಗೂ ಆಕಾಶದ ನೇರ ವೀಕ್ಷಣೆ ಎರಡನ್ನೂ ಜೋಡಿಸಿ ಪರಿಚಯಿಸುವ ಕಲಿಕಾಕ್ರಮ. ಚಿತ್ರವೂ ಮಾತೂ ಸಮವಾಗಿ ಅರ್ಥ ಹೊರುವ, ಅಕ್ಷರ ಬಾರದ ಮಗುವೂ ನೋಡುತ್ತ ಹಿಂಬಾಲಿಸಬಲ್ಲ ಪುಸ್ತಕವೇ ಚಿತ್ರಪುಸ್ತಕ. ಯುರೋಪಿನ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಸಚಿತ್ರ ಪಠ್ಯದಲ್ಲಿಯೇ ಮೋಡಗಳಿಗೆ ಪ್ರತ್ಯೇಕ ಪಾಠವಿತ್ತು. ಕನ್ನಡದಲ್ಲಿ ಪ್ರಕೃತಿಯ ಅರಿವನ್ನು ಮಕ್ಕಳಿಗೆ ಸಚಿತ್ರವಾಗಿ ಕೊಟ್ಟ ಆರಂಭದ ದೊಡ್ಡ ಪ್ರಯತ್ನಗಳಲ್ಲಿ ಶಿವರಾಮ ಕಾರಂತರ ಬಾಲಪ್ರಪಂಚ (1936) ಮುಖ್ಯವಾದುದು.

ಈ ಕಲಿಕಾಕ್ರಮಕ್ಕೆ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 900 ಮೀ. ಎತ್ತರದ ಬಯಲುಸೀಮೆ. ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದೆ ಮಳೆಯನ್ನೂ ಕೆರೆಗಳನ್ನೂ ನೆಚ್ಚಿದ ಇಲ್ಲಿ ಮಗುವಿಗೆ ಕಾಣುವ ಆಕಾಶ ಕಾಲಕ್ಕೊಂದು ಬಗೆಯದು. ಏಪ್ರಿಲ್–ಮೇ ತಿಂಗಳಲ್ಲಿ ಕಾದ ನೆಲದಿಂದ ಮೇಲೇರಿದ ತೇವದ ಗಾಳಿ ತಣಿದು ಗೋಪುರದಂತಹ ರಾಶಿವೃಷ್ಟಿ ಮೋಡವಾಗಿ, ಸಂಜೆಗೆ ಗುಡುಗು ಮಿಂಚುಗಳೊಡನೆ, ಒಮ್ಮೊಮ್ಮೆ ದ್ರಾಕ್ಷಿ ತೋಟಗಳಿಗೆ ಹಾನಿ ಮಾಡುವ ಆಲಿಕಲ್ಲಿನೊಡನೆ ಸುರಿಯುತ್ತದೆ. ಜೂನ್‌ನಿಂದ ಮುಂಗಾರಿನ ಮೋಡಗಳು ಪಡುವಣದಿಂದ ಓಡಿಬಂದು ತುಂತುರು ಹನಿಸಿದರೂ ಹೆಚ್ಚಿನ ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನದು. ಚಳಿಗಾಲದ ಮುಂಜಾನೆ ದೇವನಹಳ್ಳಿಯಲ್ಲಿ ವಿಮಾನಗಳನ್ನೂ ತಡಮಾಡಿಸುವ ಮಂಜು ನೆಲಕ್ಕೆ ತಾಗಿದ ಮೋಡವೇ ಆದ್ದರಿಂದ, ಮೋಡದೊಳಗೆ ನಿಂತು ಅದನ್ನು ತಿಳಿಯುವ ಅವಕಾಶ ಮಗುವಿಗೆ ಅಂಗಳದಲ್ಲಿಯೇ ಸಿಗುತ್ತದೆ.

ಪುಸ್ತಕದ ಪುಟವನ್ನು ಓದಿ, ಹೊರಗೆ ಬಂದು ಆಕಾಶ ನೋಡಿ, ಮತ್ತೆ ಪುಟಕ್ಕೆ ಮರಳುವುದು ಈ ಕ್ರಮದ ತಿರುಳು. ಇಂಗ್ಲೆಂಡಿನ ಹವಾಮಾನ ವೀಕ್ಷಕ ಲ್ಯೂಕ್ ಹೋವರ್ಡ್ 1802ರಲ್ಲಿ ಗುರುತಿಸಿದ ಮೂರು ಮೂಲ ಬಗೆಗಳಾದ ಹತ್ತಿಯಂತೆ ಗುಪ್ಪೆಗೂಡುವ ರಾಶಿಮೋಡ, ಆಕಾಶಕ್ಕೆಲ್ಲ ಹಾಸಿಕೊಳ್ಳುವ ಪದರುಮೋಡ, ಬಲು ಎತ್ತರದಲ್ಲಿ ಎಳೆಯೆಳೆಯಾಗಿ ಹರಡುವ ಹಿಮಕಣ ಮೋಡಗಳನ್ನು ಈ ವಯಸ್ಸಿನವರು ಆಕಾರದಿಂದಲೇ ಬೇರ್ಪಡಿಸಬಲ್ಲರು. ಬಿಸಿನೀರಿನ ಪಾತ್ರೆಯ ಮೇಲೆ ತಣ್ಣನೆಯ ತಟ್ಟೆ ಮುಚ್ಚಿ ತೋರಿಸಿದರೆ ಆವಿ ಹನಿಯಾಗುವ ಸಾಂದ್ರೀಕರಣ ಕಣ್ಣಿಗೆ ಕಾಣುತ್ತದೆ. ಗುಡುಗು ಕೇಳಿಸಿದೊಡನೆ ಮಕ್ಕಳನ್ನು ಒಳಗೆ ಕರೆತರುವುದೂ ಸೂರ್ಯನನ್ನು ದಿಟ್ಟಿಸದಂತೆ ನೋಡಿಕೊಳ್ಳುವುದೂ ಅಗತ್ಯ.

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. 2020ರಲ್ಲಿ ಮೊದಲಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಆದರೆ ವಿದೇಶಿ ಮೂಲದ ಹಲವು ಪುಸ್ತಕಗಳ ಹಿಮಪಾತ ಮತ್ತು ಎಲೆಯುದುರುವ ಶರತ್ಕಾಲಗಳು ರಾಗಿ ಬೆಳೆಯುವ ಈ ನೆಲದ ಹವಾಮಾನವಲ್ಲ. ಇಲ್ಲಿಯ ರೈತರು ವರ್ಷವನ್ನು ಭರಣಿ, ಕೃತ್ತಿಕೆ, ರೋಹಿಣಿ ಎಂದು ಸುಮಾರು 13–14 ದಿನಗಳ ಮಳೆನಕ್ಷತ್ರಗಳಾಗಿ ಎಣಿಸುತ್ತಾರೆ. ಮಳೆ ಬಾರದಾಗ ಮಳೆರಾಯನ ಮೂರ್ತಿ ಹೊತ್ತು ಮನೆಮನೆಗೆ ಹೋಗುವ ಆಚರಣೆಯಲ್ಲಿ ಮಕ್ಕಳೇ ಮುಂದಿರುತ್ತಾರೆ. ಆದುದರಿಂದ ಒಂದೊಂದು ಮಳೆನಕ್ಷತ್ರಕ್ಕೆ ಒಂದೊಂದು ಪುಟ ಮೀಸಲಿಟ್ಟು, ಅಜ್ಜ ಅಜ್ಜಿಯರನ್ನು ಕೇಳಿ, ಕಂಡ ಮೋಡವನ್ನೂ ಹೊಲದ ಕೆಲಸವನ್ನೂ ಮಕ್ಕಳೇ ಬಿಡಿಸಿ ಸಿದ್ಧಪಡಿಸುವ ಚಿತ್ರಪುಸ್ತಕವು ಅಚ್ಚಾದ ಪುಸ್ತಕಗಳಷ್ಟೇ ಬೆಲೆಯುಳ್ಳ ಕಲಿಕಾ ಸಾಧನವಾಗುತ್ತದೆ.