ಆಟಿಕೆಯ ಊರು, ನಲಿ-ಕಲಿಯ ಊರು

ಉರ್ದುವಿನಲ್ಲಿ ಮಕ್ಕಳ ಆಟದ ಸಾಮಾನಿಗೆ 'ಖಿಲೌನಾ' ಎನ್ನುತ್ತೇವೆ. ಇದು 'ಖೇಲ್ನಾ', ಅಂದರೆ ಆಡುವುದು ಎಂಬ ಮಾತಿನ ಬಳಗದ ಪದ. ಕನ್ನಡದ 'ಆಟಿಕೆ'ಯೂ 'ಆಟ'ದಿಂದಲೇ ಬಂದದ್ದು. ಎರಡು ಭಾಷೆಗಳೂ ಒಂದೇ ಮಾತನ್ನು ಹೇಳುತ್ತಿವೆ: ಮಗು ಕೈಗೆತ್ತಿಕೊಂಡು ಆಡಿದರೆ ಮಾತ್ರ ಅದು ಆಟಿಕೆ. ಮನೆಗೆ ಬಂದ ನೆಂಟರು ನೋಡಲೆಂದು ಷೋಕೇಸಿನಲ್ಲಿ ಇಟ್ಟ ಬೊಂಬೆ ಎಷ್ಟೇ ಬೆಲೆಬಾಳಲಿ, ಅದು ಅಲಂಕಾರದ ವಸ್ತುವೇ ಹೊರತು ಆಟಿಕೆಯಲ್ಲ.

ಆಟವೆಂದರೆ ಕಾಲಹರಣ, ಓದೆಂದರೆ ಪ್ರಗತಿ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಪಾಲಕರ ಸಭೆಯಲ್ಲಿ "ಮೇಡಂ, ನಮ್ಮ ಹುಡುಗ ಬರೀ ಆಡ್ತಾನೆ" ಎಂಬ ದೂರು ಕೇಳಿಬರುತ್ತದೆ. "ನಮ್ಮ ಹುಡುಗ ಆಡುವುದೇ ಇಲ್ಲ" ಎಂದು ಚಿಂತೆಪಟ್ಟು ಬಂದವರು ಅಪರೂಪ. ಆದರೆ ಈ ನಂಬಿಕೆ ತಪ್ಪೆಂದು ತೋರಿಸುವ ಎರಡು ಊರುಗಳು ನಮ್ಮ ಹಳೆಯ ಮೈಸೂರು ಸೀಮೆಯಲ್ಲಿಯೇ ಇವೆ. ಒಂದು ಚನ್ನಪಟ್ಟಣ. ಇನ್ನೊಂದು ನಮ್ಮದೇ ಹೆಗ್ಗಡದೇವನಕೋಟೆ. ಮೊದಲನೆಯದು ಆಟಿಕೆಯನ್ನು ಮಾಡಿತು, ಎರಡನೆಯದು ಆಟವನ್ನು ತರಗತಿಯೊಳಗೆ ಕರೆತಂದಿತು.

ಆಟಿಕೆಯ ಇತಿಹಾಸ ನಾಗರಿಕತೆಯಷ್ಟೇ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹರಪ್ಪ, ಮೊಹೆಂಜೊದಾರೊ ನಗರಗಳ ಅವಶೇಷಗಳಲ್ಲಿ ಮಣ್ಣಿನ ಪುಟ್ಟ ಬಂಡಿಗಳು, ಹಕ್ಕಿಯಾಕಾರದ ಪೀಪಿಗಳು ಸಿಕ್ಕಿವೆ. ಜೋಳದ ದಂಟಿನಲ್ಲಿ ಗಾಡಿ ಕಟ್ಟಿ, ಕೆರೆಯಂಗಳದ ಜೇಡಿಯಲ್ಲಿ ಎತ್ತು ಮಾಡುವ ನಮ್ಮ ಪಿರಿಯಾಪಟ್ಟಣ, ಕೆ.ಆರ್. ನಗರದ ಮಕ್ಕಳು ಆ ಪರಂಪರೆಯ ಕೊನೆಯ ಕೊಂಡಿಗಳು ಎಂದರೆ ಅತಿಶಯೋಕ್ತಿಯಲ್ಲ.

ನಮ್ಮ ಅರಸರೂ ಆಟವನ್ನು ಕೀಳೆಂದು ಭಾವಿಸಲಿಲ್ಲ. ಟಿಪ್ಪು ಸುಲ್ತಾನರ ಪ್ರಸಿದ್ಧ ಮರದ ಹುಲಿ ಮಕ್ಕಳ ಆಟಿಕೆಯಲ್ಲ. ಆದರೂ ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುವ, ಅದರ ಕೆಳಗೆ ಬಿದ್ದ ಮನುಷ್ಯ ಕೈಯೆತ್ತಿ ನರಳುವ ಆ ಯಂತ್ರದಲ್ಲಿ ಮರಗೆಲಸ, ಬಣ್ಣ, ಗಾಳಿಯ ತಿದಿ ಎಲ್ಲವೂ ಸೇರಿವೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅದನ್ನು ಇಂಗ್ಲಿಷರು ಕೊಂಡೊಯ್ದರು. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ 1799ರಲ್ಲಿ ಐದರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಮುಂದೆ ಹಲವಾರು ಹಾಸಿನ ಆಟಗಳನ್ನೂ ಇಸ್ಪೀಟಿನಂಥ ಗಂಜೀಫಾ ಆಟಗಳನ್ನೂ ಸ್ವತಃ ರೂಪಿಸಿದರು. ಅವರ ಕಾಲದ 'ಶ್ರೀತತ್ತ್ವನಿಧಿ' ಗ್ರಂಥದ ಒಂದು ಭಾಗವಾದ 'ಕೌತುಕನಿಧಿ'ಯಲ್ಲಿ ಆಟಗಳ ವಿವರಗಳಿವೆ. ಗಂಜೀಫಾ ಪರ್ಷಿಯಾದ ಕಡೆಯಿಂದ ಮೊಗಲರ ಆಸ್ಥಾನದ ಮೂಲಕ ದಕ್ಷಿಣಕ್ಕೆ ಬಂದದ್ದು. ಬಾಬರ್ ತನ್ನ ಆತ್ಮಕಥೆಯಲ್ಲಿಯೇ ಅದನ್ನು ಹೆಸರಿಸಿದ್ದಾನೆ. ಮೈಸೂರಿನಲ್ಲಿ ಆ ಎಲೆಗಳ ಮೇಲೆ ರಾಮಾಯಣದ ಚಿತ್ರಗಳು ಮೂಡಿದವು. ಆಟಕ್ಕೆ ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಈಗ ಚನ್ನಪಟ್ಟಣಕ್ಕೆ ಬರೋಣ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಮೈಸೂರು ರಸ್ತೆಯಲ್ಲಿರುವ ಈ ಊರಿಗೆ 'ಗೊಂಬೆಗಳ ನಗರ' ಎಂದೇ ಹೆಸರು. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಮರಗೆಲಸ ಕಲಿಸಿದರೆಂಬುದು ತಲೆಮಾರುಗಳಿಂದ ನಡೆದುಬಂದ ಪ್ರತೀತಿ. ಆನಂತರದ ಕಾಲದಲ್ಲಿ ಬಾವಾಸ್ ಮಿಯಾನ್ ಎಂಬ ಉಸ್ತಾದರು ಜಪಾನಿನ ತಂತ್ರವನ್ನು ಈ ಕಸುಬಿಗೆ ಅಳವಡಿಸಿ ಸ್ಥಳೀಯರಿಗೆ ಕಲಿಸಿದರು. ಅವರನ್ನು ಚನ್ನಪಟ್ಟಣದ ಆಟಿಕೆಗಳ ಪಿತಾಮಹ ಎಂದು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಕೆಲಸದ ಕ್ರಮ ಸರಳವಾಗಿ ಕಂಡರೂ ಕೈಪಳಗಬೇಕು. ಇದಕ್ಕೆ ಮುಖ್ಯವಾಗಿ ಬಳಸುವುದು ಹಾಲೆ ಮರ. ಮರ ಬಿಳುಪು, ಮೃದು, ಎಳೆ ಒತ್ತು. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಿ ತುಂಡು ಮಾಡುತ್ತಾರೆ. ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದರೆ ಗುಂಡು, ಕೊಳವೆ, ಶಂಕು ಒಂದೊಂದಾಗಿ ಮೂಡುತ್ತವೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಕೊನೆಗೆ ತಾಳೆಹೂವಿನ ಗಿಡದ ಒಣಗಿದ ಎಲೆಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅರಿಶಿನದಿಂದ ಹಳದಿ, ನೀಲಿಗಿಡದಿಂದ ನೀಲಿ, ಹೀಗೆ ಸಸ್ಯಮೂಲದ ಬಣ್ಣಗಳನ್ನು ಹಾಕುವವರೂ ಇದ್ದಾರೆ. ಮೊನೆಯಿಲ್ಲ, ಚೂಪು ಅಂಚಿಲ್ಲ, ಎಲ್ಲವೂ ದುಂಡು. ವಿನ್ಯಾಸ ಹುಟ್ಟಿದ್ದು ಯಂತ್ರದ ತಿರುಗಾಟದಿಂದ, ಅನುಕೂಲವಾದದ್ದು ಮಗುವಿನ ಕೈಗೆ.

ಇಲ್ಲಿ ಶಿಕ್ಷಕರಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಮುಂದೆ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟರು. ಅವರು ಮಕ್ಕಳ ಕೈಗೆ ಕೊಟ್ಟದ್ದು ಪುಸ್ತಕವನ್ನಲ್ಲ, ಉಲ್ಲನ್ನಿನ ಚೆಂಡು ಮತ್ತು ಮರದ ಗುಂಡು, ಘನ, ಕೊಳವೆಗಳನ್ನು. ಈ 'ಉಡುಗೊರೆ'ಗಳ ಮೂಲಕ ಮಗು ಆಕಾರ, ತೂಕ, ಚಲನೆಗಳನ್ನು ತಾನಾಗಿ ಅರಿಯಲಿ ಎಂಬುದು ಅವರ ಆಶಯ. ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ಮಾರಿಯಾ ಮಾಂಟೆಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಇವರೆಲ್ಲ ಬಯಸಿದ ಮರದ ಗುಂಡು, ಕೊಳವೆಗಳನ್ನು ಕಡೆಯುವ ಹುನರ್ ನಮ್ಮ ಚನ್ನಪಟ್ಟಣದ ಕಾರೀಗರರ ಬೆರಳುಗಳಲ್ಲಿದೆ. ಆದರೆ ಆಟಿಕೆ ಮಾಡುವ ಕೈ ಮತ್ತು ಪಾಠ ಹೇಳುವ ಬಾಯಿ ನಮ್ಮಲ್ಲಿ ಬಹುಕಾಲ ಒಂದನ್ನೊಂದು ಸಂಧಿಸಲೇ ಇಲ್ಲ.

ಆ ದಿಕ್ಕಿನಲ್ಲಿ ಒಂದು ದೊಡ್ಡ ಹೆಜ್ಜೆ ನಡೆದದ್ದು ಹೆಗ್ಗಡದೇವನಕೋಟೆಯಲ್ಲಿ. ಕಾಡಂಚಿನ ಹಾಡಿಗಳು, ದೂರದೂರದ ಹಳ್ಳಿಗಳು, ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳು ಇರುವ ಈ ತಾಲ್ಲೂಕಿನಲ್ಲಿ ಮಕ್ಕಳು ಶಾಲೆಗೆ ಸೇರಿದರೂ ಉಳಿಯುತ್ತಿರಲಿಲ್ಲ. ಆಗ ಇಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರ ತಂಡವೊಂದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿ ರೂಪಿಸಿದ್ದ 'ಪೆಟ್ಟಿಗೆಯೊಳಗಿನ ಶಾಲೆ'ಯನ್ನು ನೋಡಿ ಬಂದಿತು. ಪಠ್ಯಪುಸ್ತಕದ ಬದಲಿಗೆ ಒಂದು ಪೆಟ್ಟಿಗೆಯ ತುಂಬ ಕಾರ್ಡುಗಳು. ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುವ ಏರ್ಪಾಡು. ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿ, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭಿಸಿದ ಪದ್ಧತಿಯೇ 'ನಲಿ-ಕಲಿ'. ಇದು ರಾಜ್ಯದಲ್ಲಿ ಬೇರೂರಲು ಶ್ರಮಿಸಿದವರಲ್ಲಿ ಐಎಎಸ್ ಅಧಿಕಾರಿಯಾಗಿದ್ದ ದಿವಂಗತ ಅನಿತಾ ಕೌಲ್ ಅವರ ಹೆಸರು ಸ್ಮರಣೀಯ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಮುಂದೆ ಉರ್ದು ಶಾಲೆಗಳಿಗೂ ನಲಿ-ಕಲಿಯ ಸಾಮಗ್ರಿ ಸಿದ್ಧವಾಯಿತು.

ನಲಿ-ಕಲಿಯ ಕೋಣೆ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಬೆಂಚುಗಳಿಲ್ಲ. ಮಕ್ಕಳು ನೆಲದ ಮೇಲೆ 'ತಟ್ಟೆ'ಗಳಾಗಿ ಸುತ್ತ ಕೂರುತ್ತಾರೆ. ತಲೆಯ ಮೇಲೆ ಅವರೇ ಬಿಡಿಸಿದ ಚಿತ್ರಗಳನ್ನು ತೂಗುಹಾಕಿದ ಕಲಿಕಾ ಚಪ್ಪರ, ಗೋಡೆಯ ಮೇಲೆ ಕಲಿಕಾ ಏಣಿ. ಒಂದು ಗುಂಪಿಗೆ ಶಿಕ್ಷಕಿ ನೆರವಾದರೆ, ಇನ್ನೊಂದು ಗುಂಪು ಗೆಳೆಯರಿಂದ ಕಲಿಯುತ್ತದೆ, ಮತ್ತೊಂದು ತಾನೇ ಕಲಿಯುತ್ತದೆ. ಹಾಡು, ಕಥೆ, ಬೀಜ, ಕಡ್ಡಿ, ಕಲ್ಲು ಎಲ್ಲವೂ ಪಾಠದ ಸಲಕರಣೆಗಳೇ. ಹೆದರಿಕೆಯಿಂದ ಕಲಿತದ್ದು ಹೆದರಿಕೆ ಹೋದ ದಿನವೇ ಹೋಗುತ್ತದೆ, ಆಡುತ್ತ ಕಲಿತದ್ದು ಉಳಿಯುತ್ತದೆ ಎಂಬ ನಂಬಿಕೆ ಇದರ ಬುನಾದಿ.

ಟೀಕೆಗಳಿಲ್ಲವೆಂದಲ್ಲ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂತಾಗ ಒಬ್ಬ ಶಿಕ್ಷಕಿಗೆ ಎಲ್ಲರತ್ತ ಗಮನ ಕೊಡುವುದು ಕಷ್ಟ. ಕಾರ್ಡುಗಳು ಹರಿದರೆ ಕಲಿಕೆಯ ಏಣಿಯ ಮೆಟ್ಟಿಲೇ ಮುರಿದಂತೆ. "ಅಲ್ಲಿ ಬರೀ ಹಾಡು, ಕುಣಿತ, ಹೋಂವರ್ಕ್ ಇಲ್ಲ" ಎಂದು ಮಗುವನ್ನು ಬಿಡಿಸಿ ಕಾನ್ವೆಂಟಿಗೆ ಸೇರಿಸುವ ಪಾಲಕರೂ ಉಂಟು. ಮೊದಲೆರಡು ತೊಂದರೆಗಳನ್ನು ಇಲಾಖೆ ಸರಿಪಡಿಸಬೇಕು. ಮೂರನೆಯದನ್ನು ಸರಿಪಡಿಸಬೇಕಾದವರು ನಾವು.

ಹೇಗೆಂದರೆ, ಆಟದಲ್ಲಿ ಪಾಠವೆಲ್ಲಿದೆ ಎಂದು ಪಾಲಕರಿಗೆ ತೋರಿಸಿಕೊಡಬೇಕು. ಅಳಿಗುಳಿ ಮನೆಯನ್ನೇ ತೆಗೆದುಕೊಳ್ಳಿ. ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ. ಹುಣಸೆ ಬೀಜ ಹಾಕುತ್ತ ಹೋಗುವ ಹುಡುಗಿ ಎಣಿಕೆ, ಹಂಚಿಕೆ, ಮುಂದಾಲೋಚನೆ ಮೂರನ್ನೂ ಮಾಡುತ್ತಿರುತ್ತಾಳೆ. 25 ಮನೆಗಳ ಚೌಕಾಬಾರದಲ್ಲಿ ಕವಡೆ ಉರುಳಿಸುವ ಹುಡುಗ ಕೂಡುವುದನ್ನೂ, ತನ್ನ ಸರದಿಗೆ ಕಾಯುವುದನ್ನೂ, ಕಾಯಿ ಕಳೆದುಕೊಂಡರೂ ಜಗಳವಾಡದೆ ಮತ್ತೆ ಮೊದಲಿನಿಂದ ಹೊರಡುವುದನ್ನೂ ಕಲಿಯುತ್ತಾನೆ. ಇದನ್ನೇ ನಮ್ಮ ಹಿರಿಯರು 'ತಾಲೀಮ್' ಜೊತೆಗಿನ 'ತರ್ಬಿಯತ್' ಎಂದರು. ಮೊಬೈಲಿನ ಆಟ ಬೆರಳಿಗೆ ಕೆಲಸ ಕೊಟ್ಟೀತು, ಆದರೆ ಎದುರಿಗೆ ಕೂತ ಗೆಳೆಯನ ಮುಖ ಓದುವುದನ್ನು ಕಲಿಸಲಾರದು.

ಆಟ ಮಗುವಿನ ಹಕ್ಕೂ ಹೌದು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿರಾಮ ಮತ್ತು ಆಟದ ಹಕ್ಕನ್ನು ಸಾರುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ಸೂಚಿಸಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸುಗ್ಗಿಯಲ್ಲಿ ಎಲೆ ಪೋಣಿಸಲು, ತಂಗಿ-ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಡುವ ಮಗು ಕಳೆದುಕೊಳ್ಳುವುದು ಪಾಠವನ್ನು ಮಾತ್ರವಲ್ಲ, ಆಟವನ್ನೂ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಅಣ್ಣ ಬೀದಿಯಲ್ಲಿ ಕ್ರಿಕೆಟ್ ಆಡುವ ಹೊತ್ತಿಗೆ ತಂಗಿ ಪಾತ್ರೆ ತೊಳೆಯುತ್ತಿರುತ್ತಾಳೆ.

ಇತ್ತ ಆಟಿಕೆ ಮಾಡುವವರ ಪಾಡೂ ಸುಲಭವಾಗಿಲ್ಲ. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಮುಂದೆ ಚನ್ನಪಟ್ಟಣದ ಎಷ್ಟೋ ಮನೆಗಳ ಯಂತ್ರಗಳು ನಿಂತುಹೋದವು. ಕಾರೀಗರರ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡರು. 2006ರ ಸುಮಾರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತದ್ದು, 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದದ್ದು ಒಂದಷ್ಟು ಆಸರೆಯಾದವು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 3ರಿಂದ 8 ವರ್ಷದ ಮಕ್ಕಳಿಗೆಂದು 'ಜಾದೂಯಿ ಪಿಟಾರಾ' ಎಂಬ ಆಟದ ಸಾಮಗ್ರಿಯ ಪೆಟ್ಟಿಗೆಯನ್ನು ಹೊರತಂದಿತು. ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿಯೇ ಆಟ ಮತ್ತು ಕಲಿಕೆಯನ್ನು ಕೂಡಿಸಿದ್ದರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವಾರ್ಷಿಕೋತ್ಸವದಲ್ಲಿ ಚಿಕ್ಕ ತರಗತಿಯ ಮಕ್ಕಳಿಗೆ ಸ್ಟೀಲ್ ಲೋಟ, ಪ್ಲಾಸ್ಟಿಕ್ ಕಪ್ಪುಗಳ ಬದಲು ಒಂದು ಚನ್ನಪಟ್ಟಣದ ಬುಗುರಿಯನ್ನೋ, ಅಳಿಗುಳಿ ಮಣೆಯನ್ನೋ ಬಹುಮಾನವಾಗಿ ಕೊಡೋಣ. ಪ್ರತಿ ಶಾಲೆಯಲ್ಲಿ ಪುಸ್ತಕದ ಕಪಾಟಿನ ಪಕ್ಕ ಒಂದು ಆಟಿಕೆಯ ಕಪಾಟು ಇರಲಿ, ಅದಕ್ಕೆ ಬೀಗ ಬೇಡ. ಊರಿನ ಬಡಗಿಯವರನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆದು ಮಕ್ಕಳೆದುರು ಒಂದು ಬುಗುರಿ ಮಾಡಿಸೋಣ. ಇದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ಒಂದು ಬುಗುರಿಯ ಹಣದಿಂದ ಒಬ್ಬ ಕಾರೀಗರನ ಒಲೆ ಉರಿಯುತ್ತದೆ, ಒಂದು ಮಗುವಿನ ಸಂಜೆ ನಗುತ್ತದೆ.

ಪಾಲಕ ಬಂಧುಗಳಲ್ಲಿ ಕೇಳುವುದು ಇಷ್ಟೇ: ಸಂಜೆ ಮಗು ಶಾಲೆಯಿಂದ ಬಂದಾಗ "ಇವತ್ತು ಏನು ಬರೆದೆ?" ಎಂದು ಕೇಳುವ ಜೊತೆಗೆ "ಇವತ್ತು ಯಾವ ಆಟ ಆಡಿದೆ, ಯಾರ ಜೊತೆ ಆಡಿದೆ?" ಎಂದೂ ಕೇಳಿ. ಮಗನನ್ನು ಕೇಳಿದಂತೆಯೇ ಮಗಳನ್ನೂ ಕೇಳಿ.