ಚೋರಕಥೆಯೂ ಶ್ರಾವಕನ ಕಿವಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಯು ಒಂದೆರಡು ದಿನಗಳಲ್ಲಿ ಸಿದ್ಧವಾಗುವ ವಸ್ತುವಲ್ಲ. ಬಲಿತ ಕಾಯಿ ಅಟ್ಟವನ್ನೇರಿ, ಹತ್ತು ಹನ್ನೊಂದು ತಿಂಗಳು ನೆರಳಿನಲ್ಲಿ ಕಾದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟ ಮೇಲೆಯೇ ಅದನ್ನು ಸುಲಿದು ಒಡೆಯುತ್ತಾರೆ. ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಹಿಂದೆ ಆ ಬಿಡುವನ್ನು ಊರಿನ ಸುದ್ದಿ, ಪುರಾಣದ ಕಥೆ, ಆಮೇಲೆ ಆಕಾಶವಾಣಿ ತುಂಬುತ್ತಿದ್ದವು. ಇಂದು ಕೊಬ್ಬರಿಯ ರಾಶಿಯ ಪಕ್ಕದಲ್ಲಿ ಮೊಬೈಲ್ ದೂರವಾಣಿಯೊಂದು ಮಾತನಾಡುತ್ತಿರುತ್ತದೆ. ಅದರಿಂದ ಕೇಳಿಬರುವ ದನಿ ಹಲವು ವೇಳೆ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರದು. ಹೇಳುತ್ತಿರುವುದು ಕೊಲೆಯ ಕಥೆ.

ಇದು ಇತ್ತೀಚಿನ ಸಾಧನದಲ್ಲಿ ನಡೆದಿರುವ ಹಳೆಯ ಪದ್ಧತಿ. ಪ್ಯಾರಿಸ್ ನಗರದಲ್ಲಿ ಮೊದಲು ಅಪರಾಧಿಯಾಗಿದ್ದು ಅನಂತರ ಪತ್ತೇದಾರಿ ಪೊಲೀಸರ ಮುಖ್ಯಸ್ಥನಾದ ವಿದೋಕ್ ಎಂಬಾತನ ಸ್ಮೃತಿಗಳು 1828ರಲ್ಲಿ ಪ್ರಕಟವಾದವು. ನಮ್ಮ ದೇಶದಲ್ಲಿ ಕಲ್ಕತ್ತೆಯ ಪೊಲೀಸ್ ಅಧಿಕಾರಿ ಪ್ರಿಯನಾಥ ಮುಖೋಪಾಧ್ಯಾಯರು 1892ರಿಂದ ‘ದಾರೋಗಾರ್ ದಫ್ತರ್’ ಎಂಬ ಹೆಸರಿನಲ್ಲಿ ತಮ್ಮ ಪ್ರಕರಣಗಳನ್ನು ಬಂಗಾಳಿಯಲ್ಲಿ ಕಥೆಯಾಗಿಸಿದರು. ಅಮೆರಿಕದ ಒಕ್ಕೂಟ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯಲ್ಲಿ ಸರಣಿ ಕೊಲೆಗಾರರ ಮನಸ್ಸನ್ನು ಅಭ್ಯಸಿಸಿದ ಜಾನ್ ಡಗ್ಲಾಸ್ ನಿವೃತ್ತಿಯ ಬಳಿಕ 1995ರಲ್ಲಿ ‘ಮೈಂಡ್‌ಹಂಟರ್’ ಗ್ರಂಥವನ್ನು ಹೊರತಂದರು. 2014ರಲ್ಲಿ ‘ಸೀರಿಯಲ್’ ಎಂಬ ಪಾಡ್‌ಕ್ಯಾಸ್ಟ್, ಅಂದರೆ ಬೇಕಾದಾಗ ಕೇಳಬಹುದಾದ ಧ್ವನಿಸರಣಿ, ಕೊಲೆಯೊಂದರ ಕಥೆಯನ್ನು ಲಕ್ಷಾಂತರ ಕಿವಿಗಳಿಗೆ ತಲುಪಿಸಿತು. 2016ರಲ್ಲಿ ಅದೇ ತನಿಖಾ ಸಂಸ್ಥೆಯ ನಿವೃತ್ತ ಅಧಿಕಾರಿಣಿ ಜೆರಿ ವಿಲಿಯಮ್ಸ್ ತಮ್ಮ ನಿವೃತ್ತ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಹಳೆಯ ಪ್ರಕರಣಗಳನ್ನು ಹೇಳಿಸುವ ಧ್ವನಿಸರಣಿಯನ್ನು ಆರಂಭಿಸಿದರು.

ಕನ್ನಡದಲ್ಲಿಯೂ ಈ ಧಾರೆ ಸಮೃದ್ಧವಾಗಿದೆ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಡಿ.ವಿ. ಗುರುಪ್ರಸಾದ್ ಅವರು ಅಪರಾಧ ಮತ್ತು ತನಿಖೆಯನ್ನು ಕುರಿತು ಅನೇಕ ಪುಸ್ತಕಗಳನ್ನು ರಚಿಸಿದ್ದಾರೆ. ಬಿ.ಬಿ. ಅಶೋಕ್ ಕುಮಾರ್ ಅವರ ‘ಹುಲಿಯ ನೆನಪುಗಳು’ ಓದುಗರಿಗೆ ಪರಿಚಿತ ಕೃತಿ. ಅವರೂ ಎಸ್.ಕೆ. ಉಮೇಶ್ ಮೊದಲಾದ ಇತರ ನಿವೃತ್ತ ಅಧಿಕಾರಿಗಳೂ ಯೂಟ್ಯೂಬ್ ವಾಹಿನಿಗಳಲ್ಲಿ ತಮ್ಮ ಅನುಭವಗಳನ್ನು ಕಂತುಕಂತಾಗಿ ಹೇಳಿದ್ದಾರೆ. ಇಂತಹ ನೆನಪುಗಳಿಂದ ಪ್ರಯೋಜನವಿಲ್ಲವೆನ್ನಲಾಗದು. ಠಾಣೆಯ ಕಷ್ಟ, ಸಾಕ್ಷಿಯ ಭಯ, ವಂಚಕರ ಉಪಾಯ ಇವು ಜನಕ್ಕೆ ತಿಳಿಯುತ್ತವೆ, ಎಚ್ಚರಿಕೆ ಹುಟ್ಟುತ್ತದೆ. ಪ್ರಶ್ನೆಯಿರುವುದು ಹೇಳುವವರ ಅರ್ಹತೆಯಲ್ಲಿ ಅಲ್ಲ, ಹೇಳುವ ಮತ್ತು ಕೇಳುವ ಮರ್ಯಾದೆಯಲ್ಲಿ.

ಈ ಮರ್ಯಾದೆಯನ್ನು ಜೈನಾಚಾರ್ಯರು ಬಹು ಹಿಂದೆಯೇ ವಿಚಾರಿಸಿದ್ದಾರೆ. ಕುಂದಕುಂದಾಚಾರ್ಯರು ‘ನಿಯಮಸಾರ’ದಲ್ಲಿ ವಚನಗುಪ್ತಿಯನ್ನು ವಿವರಿಸುವಾಗ ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭೋಜನಕಥೆಗಳ ತ್ಯಾಗವನ್ನು ಹೇಳುತ್ತಾರೆ. ಅದು ಮುನಿಗಳಿಗೆ ಹೇಳಿದ ಮಾತು. ಗೃಹಸ್ಥನಿಗೆ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವಿದೆ. ಅಲ್ಲಿ ನಿಷ್ಪ್ರಯೋಜನವಾದ ಪಾಪವೆನಿಸಿದ ಅನರ್ಥದಂಡವನ್ನು ಐದಾಗಿ ವಿಂಗಡಿಸಿದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ದುಃಶ್ರುತಿಯೆಂದರೆ ರಾಗ, ದ್ವೇಷ, ಮದ, ದುಸ್ಸಾಹಸಗಳಿಂದ ಚಿತ್ತವನ್ನು ಕಲಕುವ ವಿಷಯಗಳನ್ನು ಕೇಳುವುದು. ಆಡಿದ ಮಾತಿಗೆ ಹೊಣೆಯಿರುವುದನ್ನು ಎಲ್ಲ ಧರ್ಮಗಳೂ ಹೇಳಿವೆ. ಕೇಳಿದ ಮಾತಿಗೂ ಹೊಣೆಯುಂಟೆಂದು ಇಲ್ಲಿ ವ್ರತದ ಕಟ್ಟಿನೊಳಗೇ ಹೇಳಿದೆ. ಶ್ರಾವಕನೆಂಬ ಶಬ್ದದ ಅರ್ಥವೇ ಕೇಳುವವನು ಎಂದಲ್ಲವೇ?

ಹಾಗಾದರೆ ಕಳ್ಳನ ಕಥೆಯನ್ನು ಕೇಳಲೇಬಾರದೇ? ಹಾಗೆ ತೀರ್ಮಾನಿಸಲು ‘ವಡ್ಡಾರಾಧನೆ’ಯೇ ಅಡ್ಡಿ ಬರುತ್ತದೆ. ಕನ್ನಡದ ಉಪಲಬ್ಧ ಪ್ರಾಚೀನ ಗದ್ಯಕೃತಿಗಳಲ್ಲಿ ಅಗ್ರಗಣ್ಯವಾದ ಈ ಗ್ರಂಥದ 19 ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಚೋರವಿದ್ಯೆಯನ್ನು ಕಲಿತ ವಿದ್ಯುಚ್ಚೋರನೂ ಊರನ್ನು ಕಾಯುವ ತಳಾರನಾದ ಯಮದಂಡನೂ ಬಾಲ್ಯದ ಒಡನಾಡಿಗಳು. ಗೆಳೆಯನು ಕಾಯುವ ಊರಿಗೇ ಬಂದು ಕದಿಯುವ ಪಂಥ ವಿದ್ಯುಚ್ಚೋರನದು. ಮಿಥಿಲೆಯ ಅರಸನ ಹಾರ ಕಳುವಾಗುತ್ತದೆ, ತಳಾರನು ಕಳ್ಳನನ್ನು ಹಿಡಿಯುತ್ತಾನೆ, ಬಗೆಬಗೆಯಾಗಿ ದಂಡಿಸುತ್ತಾನೆ. ಮುನಿಯಿಂದ ಹಿಂದೆ ಕೇಳಿದ್ದ ನರಕದುಃಖದ ವಿವರವನ್ನು ನೆನೆದು ಅವನು ಅದೆಲ್ಲವನ್ನೂ ಸಹಿಸುತ್ತಾನೆ, ಒಪ್ಪಿಕೊಳ್ಳುವುದಿಲ್ಲ. ಕೊನೆಗೆ ನಿಜ ಹೊರಬರುವುದು ಅರಸನೆದುರಿನಲ್ಲಿ, ಅಭಯ ದೊರೆತ ಮೇಲೆ. ಕಥೆ ಅಲ್ಲಿಗೂ ಮುಗಿಯದು. ಕಳ್ಳನು ದೀಕ್ಷೆ ವಹಿಸಿ, ಉಪಸರ್ಗವನ್ನು ಸಮಭಾವದಿಂದ ಸಹಿಸಿ ಋಷಿಯಾಗುತ್ತಾನೆ. ಓದುಗನ ಚಿತ್ತದಲ್ಲಿ ನಿಲ್ಲುವುದು ಕಳವಿನ ಚಾತುರ್ಯವಲ್ಲ, ಆ ಪರಿವರ್ತನೆ. ಎಂದಮೇಲೆ ಚೋರಕಥೆ ಧರ್ಮಕಥೆಯಾಗುವುದೂ ದುಃಶ್ರುತಿಯಾಗುವುದೂ ಅದು ಕೇಳುಗನನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಅವಲಂಬಿಸಿದೆ.

ದಂಡನೆಯಿಂದ ಬಾರದ ನಿಜ ಅಭಯದಿಂದ ಬಂದಿತೆಂಬ ಈ ಪ್ರಸಂಗಕ್ಕೆ ಇಂದಿನ ಕಾನೂನಿನಲ್ಲಿಯೂ ಒಂದು ಪ್ರತಿಧ್ವನಿಯುಂಟು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ 23ನೆಯ ಕಲಮಿನಲ್ಲಿ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಅಂತಹ ಹೇಳಿಕೆಯಿಂದ ಹೊಸದಾಗಿ ಪತ್ತೆಯಾದ ಸಂಗತಿಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ಠಾಣೆಯ ಗೋಡೆಗಳ ನಡುವೆ ಹುಟ್ಟಿದ ಮಾತಿನಲ್ಲಿ ಭಯದ ಪಾಲು ಎಷ್ಟೆಂದು ಅಳೆಯುವುದು ಕಷ್ಟವೆಂಬುದೇ ಇದರ ಹಿಂದಿನ ವಿವೇಕ. ಆದರೆ ನ್ಯಾಯಾಲಯವು ಒಳಗೆ ಬಿಡದ ಆ ಮಾತಿಗೆ ಧ್ವನಿಸರಣಿಯಲ್ಲಿ ಬಾಗಿಲು ತೆರೆದೇ ಇರುತ್ತದೆ. “ಅವನು ನನ್ನೆದುರು ಎಲ್ಲವನ್ನೂ ಒಪ್ಪಿಕೊಂಡ” ಎಂದು ತನಿಖೆ ನಡೆಸಿದವರೇ ಹೇಳಿದಾಗ ಕೇಳುಗನಿಗೆ ಬೇರೆ ರುಜುವಾತು ಬೇಡವೆನಿಸುತ್ತದೆ. ಆ ವ್ಯಕ್ತಿ ಖುಲಾಸೆಯಾಗಿದ್ದರೆ, ಅಥವಾ ಶಿಕ್ಷೆ ಮುಗಿಸಿ ಊರಿಗೆ ಮರಳಿ ಸಂಸಾರ ಹೂಡಿದ್ದರೆ, ಅವನ ಮಕ್ಕಳು ಶಾಲೆಯಲ್ಲಿ ಎರಡನೆಯ ತೀರ್ಪನ್ನು ಎದುರಿಸಬೇಕಾಗುತ್ತದೆ. ಆ ತೀರ್ಪಿಗೆ ಮೇಲ್ಮನವಿಯಿಲ್ಲ.

ಹೇಳಿದ್ದೆಲ್ಲವೂ ನಿಜವೇ ಇರಬಹುದು. ಸಮಂತಭದ್ರರ ಸತ್ಯಾಣುವ್ರತ ಇಲ್ಲಿಯೇ ಸೂಕ್ಷ್ಮವಾಗುತ್ತದೆ. ಸ್ಥೂಲವಾದ ಅಸತ್ಯವನ್ನು ಆಡಬಾರದು, ಆಡಿಸಬಾರದು. ಅಷ್ಟೇ ಅಲ್ಲ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ಅವರು ವಿಧಿಸುತ್ತಾರೆ. ಪರನಿಂದೆ, ಚಾಡಿ ಇವುಗಳೊಡನೆ ಏಕಾಂತದ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವನ್ನೂ ಈ ವ್ರತದ ಅತಿಚಾರವೆಂದು ಎಣಿಸುತ್ತಾರೆ. ಅಪರಾಧವನ್ನು ಮುಚ್ಚಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ದೂರು ಕೊಡುವುದು, ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದು ಲೋಕರಕ್ಷಣೆಗೆ ಅವಶ್ಯ. ಅಲ್ಲಿ ಮೌನವೇ ದೋಷ. ಆದರೆ ತೀರ್ಪು ಬಂದು ಎಷ್ಟೋ ವರ್ಷಗಳಾದ ಮೇಲೆ, ಸತ್ತವರ ಮನೆಯ ಅಂತರಂಗವನ್ನು ಮನೋರಂಜನೆಗಾಗಿ ಹರಡಿದಾಗ ರಕ್ಷಣೆಯಾಗುವುದು ಯಾರದು?

ಸತ್ತವರ ವಿಷಯಕ್ಕೆ ಬಂದರೆ ಇನ್ನೊಂದು ಅನ್ಯಾಯ ಕಾಣುತ್ತದೆ. ದೇವಾಲಯಗಳಲ್ಲಿ ನೊಂದ ಮಹಿಳೆಯರ ವಿಶ್ವಾಸ ಗಳಿಸಿ ವಿಷವಿಕ್ಕಿ ಒಡವೆ ದೋಚುತ್ತಿದ್ದ, 2007ರ ಕೊನೆಯಲ್ಲಿ ಸೆರೆಸಿಕ್ಕ ಹೆಂಗಸೊಬ್ಬಳ ಪ್ರಕರಣ ಕರ್ನಾಟಕದಲ್ಲಿ ಮತ್ತೆ ಮತ್ತೆ ಹೇಳಲ್ಪಟ್ಟಿದೆ. ‘ಸಯನೈಡ್ ಮಲ್ಲಿಕಾ’ ಎಂಬ ಬಿರುದು ಮಕ್ಕಳ ಬಾಯಲ್ಲಿಯೂ ಇದೆ. ಆಕೆಯಿಂದ ಮಡಿದ ಒಬ್ಬ ತಾಯಿಯ ಹೆಸರನ್ನಾದರೂ ಹೇಳಬಲ್ಲ ಕೇಳುಗರು ಎಷ್ಟು ಮಂದಿ? ಕೊಂದವಳಿಗೆ ಬಿರುದು, ಕೊಲೆಯಾದವರಿಗೆ ಸಂಖ್ಯೆ.

ನಮ್ಮ ಹಿರಿಯರ ಸ್ಮರಣೆಯ ಕ್ರಮ ಇದಕ್ಕೆ ತಿರುಗುಮುರುಗಾಗಿತ್ತು. ಕನ್ನಡನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನವು, ಎಂದರೆ ದನಗಳನ್ನು ಅಪಹರಿಸಿದ ಅಪರಾಧದ ದಾಖಲೆಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಶಾಸನವಿದ್ದರೆ ಅದು ಬಹುಮಟ್ಟಿಗೆ ಹೇಳುವುದು ತುರುಗಳನ್ನು ಮರಳಿಸಿ ಮಡಿದವನ ಹೆಸರನ್ನು. ಅಪಹರಿಸಿದ ಕಳ್ಳರು ಅನೇಕ ಕಲ್ಲುಗಳಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಯಾರನ್ನು ನೆನೆಯಬೇಕು, ಯಾರನ್ನು ಮರೆಯಬೇಕು ಎಂಬುದನ್ನು ಕಲ್ಲು ಕಡೆದವರು ಬಲ್ಲವರಾಗಿದ್ದರು.

ಈ ಸೀಮೆಯ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಎಂಟು ಶತಮಾನಗಳಿಗೂ ಹಿಂದಿನಿಂದ ಈ ಸೀಮೆಯಲ್ಲಿ ಧರ್ಮಶ್ರವಣಕ್ಕೆ ಕಿವಿಗೊಟ್ಟವರಿದ್ದರೆಂಬುದಕ್ಕೆ ಅದು ಸಾಕ್ಷಿ. ಅಂತಹ ನಾಡಿನ ಕೇಳುಗನು ದೂರವಾಣಿಯನ್ನು ಎಸೆಯಬೇಕಾಗಿಲ್ಲ. ಕಥೆ ಆರಂಭವಾದಾಗ ಮೂರನ್ನು ವಿಚಾರಿಸಿಕೊಂಡರೆ ಸಾಕು: ಇಲ್ಲಿ ನೆನಪಾಗುವುದು ನೊಂದವರೋ ನೋಯಿಸಿದವರೋ? ಹೇಳುವ ಮಾತು ನ್ಯಾಯಾಲಯ ಒಪ್ಪಿದ್ದೋ ತಳ್ಳಿಹಾಕಿದ್ದೋ? ಕೇಳಿ ಮುಗಿದಾಗ ಚಿತ್ತದಲ್ಲಿ ಉಳಿಯುವುದು ಅನುಕಂಪೆಯೋ ಕುತೂಹಲದ ಹಸಿವೋ? ಹೇಳುವ ಅಧಿಕಾರಿಗಳೂ ಇವೇ ಮೂರನ್ನು ತಮಗೆ ಕೇಳಿಕೊಂಡರೆ ಅವರ ಅನುಭವ ಸಮಾಜಕ್ಕೆ ನಿಜವಾದ ದಾನವಾದೀತು.

ಅಟ್ಟದ ಮೇಲಿನ ಕಾಯಿ ತನ್ನೊಳಗಿನ ನೀರನ್ನು ಇಂಗಿಸಿಕೊಂಡ ಮೇಲೆಯೇ ಕೆಡದ ಕೊಬ್ಬರಿಯಾಗುತ್ತದೆ. ಕಂಡ ಅಪರಾಧದ ಕಥೆಯೂ ಹಾಗೆಯೇ. ಅದರೊಳಗಿನ ದ್ವೇಷ, ಜಂಬ, ಕುತೂಹಲಗಳು ಇಂಗಿದ ಮೇಲೆ ಉಳಿಯುವ ತಿರುಳನ್ನೇ ಹಂಚಬೇಕು, ಅದನ್ನೇ ಕೇಳಬೇಕು.