ಫಿಜಿಯ ‘ಗಿರ್ಮಿಟ್’

ಗಿರ್ಮಿಟ್ ಎಂದರೆ ಹುಬ್ಬಳ್ಳಿ-ಧಾರವಾಡದವರ ಬಾಯಲ್ಲಿ ನೀರೂರುತ್ತದೆ. ಫಿಜಿಯ ಭಾರತೀಯರಿಗೆ ಅದೇ ಶಬ್ದ ಅಜ್ಜ-ಅಜ್ಜಿಯರ ಬವಣೆಯನ್ನು ನೆನಪಿಸುತ್ತದೆ. ‘ಅಗ್ರಿಮೆಂಟ್’ ಎಂಬುದು ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು.

ಕಲ್ಕತ್ತೆಯಿಂದ ಹೊರಟ ‘ಲಿಯೊನಿಡಾಸ್’ ಹಡಗು 1879ರ ಮೇ 14ರಂದು ಮೊದಲ ತಂಡದೊಡನೆ ಫಿಜಿ ಮುಟ್ಟಿತು. 1916ರವರೆಗೆ ಹೀಗೆ ಬಂದವರು 60 ಸಾವಿರಕ್ಕೂ ಹೆಚ್ಚು. 5 ವರ್ಷದ ಕರಾರು, ಕಬ್ಬಿನ ತೋಟದಲ್ಲಿ ದುಡಿತ. ಗಂಡಸರಿಗೆ ದಿನಕ್ಕೆ 1 ಶಿಲಿಂಗ್, ಹೆಂಗಸರಿಗೆ 9 ಪೆನ್ಸ್. ಅದೂ ಒಪ್ಪಿಸಿದ ಕೆಲಸ ಮುಗಿಸಿದರೆ ಮಾತ್ರ.

ಹೊಂದಾಣಿಕೆ ಹಡಗಿನಲ್ಲೇ ಆರಂಭವಾಗಿತ್ತು. ಅಲ್ಲಿ ಪಂಕ್ತಿಭೇದ ನಡೆಯಲಿಲ್ಲ. ಒಂದೇ ಒಲೆಯ ಅನ್ನ ಉಂಡವರು ‘ಜಹಾಜಿ ಭಾಯಿ’ಗಳಾದರು. ಭೋಜಪುರಿ, ಅವಧಿ ಬೆರೆತು ಫಿಜಿ ಹಿಂದಿ ಹುಟ್ಟಿತು. 1903ರಿಂದ ಮದರಾಸಿನ ಹಡಗುಗಳಲ್ಲಿ ಬಂದ ತಮಿಳರು, ತೆಲುಗರೂ ಅದನ್ನು ಕಲಿತರು.

10 ವರ್ಷ ಕಳೆದವರಿಗೆ ಊರಿಗೆ ಮರಳಲು ಉಚಿತ ಪ್ರಯಾಣವಿತ್ತು. ಆದರೂ ಹೆಚ್ಚಿನವರು ಮರಳಲಿಲ್ಲ. ಗೇಣಿಗೆ ಭೂಮಿ ಹಿಡಿದು ತಾವೇ ಕಬ್ಬು ಬೆಳೆದರು. 1920ರ ಜನವರಿ 1ರಂದು ಉಳಿದ ಕರಾರುಗಳೂ ರದ್ದಾದವು.

ಆದರೆ ನೆಲದ ಒಡೆತನ ಬಹುಪಾಲು ಮೂಲನಿವಾಸಿಗಳದ್ದೇ ಆಗಿತ್ತು. 1987ರ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ಸಾವಿರಾರು ಭಾರತೀಯರು ಮತ್ತೆ ಗಂಟುಮೂಟೆ ಕಟ್ಟಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳತ್ತ ಹೊರಟರು. ಹೊಸ ನಾಡಿಗೆ ಮನುಷ್ಯ ಒಗ್ಗಿಕೊಂಡರೆ ಸಾಲದು. ಆ ನಾಡೂ ಅವನನ್ನು ತನ್ನವನೆನ್ನಬೇಕು.